ಸೋರುವ ರೇಡಿಯೇಟರ್ ವಾಲ್ವ್: ಮೊದಲು ಟಿಶ್ಯೂ, ಆಮೇಲೆ ಸ್ಪ್ಯಾನರ್

ಮನೆ ರಿಪೇರಿ – ಓದುಗರ ಪ್ರಶ್ನೆಗಳಿಗೆ ಉತ್ತರ

ಬ್ರಿಟನ್ನಿನಲ್ಲಿ ಅಕ್ಟೋಬರ್ ಬಂತೆಂದರೆ ಮನೆಮನೆಯ ಬಾಯ್ಲರ್ ಮತ್ತೆ ಶುರುವಾಗುತ್ತದೆ. ಅದು ಕಾಯಿಸಿದ ನೀರು ಪೈಪುಗಳಲ್ಲಿ ಹರಿದು, ರೂಮು ಬೆಚ್ಚಗಿಡುವ ರೇಡಿಯೇಟರ್‌ಗಳನ್ನು ಬಿಸಿ ಮಾಡುತ್ತದೆ. ಬೇಸಿಗೆಯಿಡೀ ಅಲುಗಾಡದೆ ಕೂತಿದ್ದ ರೇಡಿಯೇಟರ್ ವಾಲ್ವ್‌ಗಳು ಬಿಸಿಯಾಗಿ, ತಣ್ಣಗಾಗಿ, ಒಂದೊಂದೇ ಜಿನುಗತೊಡಗುತ್ತವೆ. ಈ ಸಲದ ಪತ್ರಗಳಲ್ಲಿ ಬಹುಪಾಲು ಅದೇ ವಿಷಯ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇದನ್ನೇ ಹಿಡಿದಿದ್ದೇನೆ. ಹೊಸ ಓದುಗರಿಗೆ ನನ್ನ ಪರಿಚಯ: ತಿಪಟೂರು ಕಡೆಯವನು, ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿತವನು, ಈಗ ರೆಡಿಂಗ್ ಸುತ್ತಮುತ್ತ ಮನೆಗಳ ಹೀಟಿಂಗ್ ಕೆಲಸ ಮಾಡುತ್ತೇನೆ.

ಪ್ರಶ್ನೆ: ನಾವು ಸ್ಲೌನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಮಹಡಿ ಮೇಲಿನ ಬೆಡ್‌ರೂಮಿನ ರೇಡಿಯೇಟರ್‌ಗೆ ಒಂದು ಕಡೆ ನಂಬರ್ ಬರೆದ ಬಿಳಿ ತಿರುಗಣೆ ಇದೆಯಲ್ಲ, ಅದರ ಕೆಳಗೆ ನೀರು ತೊಟ್ಟಿಕ್ಕುತ್ತಿದೆ. ಕಾರ್ಪೆಟ್ ಮೇಲೆ ಕಪ್ಪು ಕಲೆ ಆಗಿದೆ. ಸೊನ್ನೆಗೆ ತಿರುಗಿಸಿ ಇಟ್ಟರೂ ನಿಲ್ಲಲಿಲ್ಲ. ಬಾಯ್ಲರ್ ಪ್ರೆಶರ್ ದಿನಾ ಇಳಿಯುತ್ತೆ, ಬೆಳಿಗ್ಗೆ ಎದ್ದು ನಾನೇ ಏರಿಸುತ್ತೇನೆ. ನಮ್ಮ ಯಜಮಾನರು ಸ್ಪ್ಯಾನರ್ ತರಿಸಿದ್ದಾರೆ. ಅತ್ತೆ ಮಾವ ಶಿವಮೊಗ್ಗದಿಂದ ಬಂದಿದ್ದಾರೆ, ಆ ರೂಮು ಅವರದೇ. ಟೈಟ್ ಮಾಡಿದರೆ ಸಾಕಾ?

ಉತ್ತರ: ಮೇಡಂ, ಸ್ಪ್ಯಾನರ್ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ಇವತ್ತೇ ಮನೆ ಓನರ್‌ಗೋ ಏಜೆಂಟ್‌ಗೋ ಇ-ಮೇಲ್ ಕಳಿಸಿ, ಜೊತೆಗೆ ಫೋಟೊ ಹಾಕಿ. ಫೋನಿನಲ್ಲಿ ಹೇಳಿಯಾಗಿದೆ ಅಂತ ಸುಮ್ನೆ ಕೂರಬೇಡಿ. ಕಾರ್ಪೆಟ್ ಕಲೆಯ ವಿಷಯ ನಾಳೆ ನಿಮ್ಮ ಡಿಪಾಸಿಟ್‌ವರೆಗೂ ಬರಬಹುದು. ಆಗ ತಾರೀಕು ಇರುವ ಬರಹವೇ ನಿಮ್ಮ ಕೈ ಹಿಡಿಯುವುದು.

ಇನ್ನು ಸೋರಿಕೆ. ನೀರು ಯಾವ ಜಾಗದಿಂದ ಬರುತ್ತಿದೆ ಅಂತ ಗೊತ್ತಾಗದೆ ಯಾವ ನಟ್ಟನ್ನೂ ಮುಟ್ಟಬಾರದು. ಹೀಟಿಂಗ್ ಆಫ್ ಮಾಡಿ, ರೇಡಿಯೇಟರ್ ಪೂರ್ತಿ ತಣ್ಣಗಾಗಲಿ. ಒಳಗಿನ ನೀರು 60-70 ಡಿಗ್ರಿ ಇರುತ್ತದೆ, ಕೈ ಸುಟ್ಟೀತು. ಆಮೇಲೆ ಹಳೇ ಬಟ್ಟೆಯಿಂದ ವಾಲ್ವನ್ನು ಮೇಲಿನಿಂದ ಕೆಳಗಿನ ತನಕ ಒಣಗಿಸಿ ಒರೆಸಿ. ಒಣ ಟಿಶ್ಯೂ ತುಂಡೊಂದನ್ನು ಒಂದೊಂದು ಸಂದಿಗೂ ಒತ್ತುತ್ತಾ ಬನ್ನಿ. ಮೇಲಿನಿಂದ ಶುರು ಮಾಡಿ, ಇದು ಮುಖ್ಯ. ನೀರು ಎಲ್ಲಿಂದ ಹೊರಟರೂ ಕೆಳಗೇ ಇಳಿಯುತ್ತದೆ. ಹಾಗಾಗಿ ಪೈಪಿನ ಹತ್ತಿರದ ಕೊನೇ ನಟ್ಟು ಯಾವಾಗಲೂ ಒದ್ದೆಯಾಗಿರುತ್ತದೆ. ಎಲ್ಲರೂ ಅದನ್ನೇ ಬಿಗಿ ಮಾಡುತ್ತಾರೆ. ತಪ್ಪು ಮಾಡಿದ್ದು ಮೇಲಿನದು, ಪೆಟ್ಟು ತಿನ್ನುವುದು ಕೆಳಗಿನದು.

ಸೋರುವ ಜಾಗಗಳು ಬಹಳ ಇಲ್ಲ. ಬಿಳಿ ಪ್ಲಾಸ್ಟಿಕ್ ತಲೆಯನ್ನು 5ಕ್ಕೆ ತಿರುಗಿಸಿ, ಅದರ ಬುಡದ ಬಳೆಯನ್ನು ಕೈಯಲ್ಲೇ ಸಡಿಲಿಸಿದರೆ ತಲೆ ಕಳಚಿ ಬರುತ್ತದೆ. ಹೆದರಬೇಡಿ, ನೀರು ಚಿಮ್ಮುವುದಿಲ್ಲ. ಅಡಿಯಲ್ಲಿ ಒಂದು ಸಣ್ಣ ಪಿನ್ ಕಾಣುತ್ತದೆ. ಟಿಶ್ಯೂ ಅಲ್ಲೇ ಒದ್ದೆಯಾದರೆ ಒಳಗಿನ ಚಿಕ್ಕ ರಬ್ಬರ್ ಸೀಲ್ ಹೋಗಿದೆ ಎಂದರ್ಥ. ಎಷ್ಟು ಬಿಗಿ ಮಾಡಿದರೂ ಅದು ಸರಿಹೋಗುವುದಿಲ್ಲ, ಸಾಮಾನ್ಯವಾಗಿ ವಾಲ್ವನ್ನೇ ಬದಲಿಸುತ್ತೇವೆ. ವಾಲ್ವ್ ಮತ್ತು ರೇಡಿಯೇಟರ್ ನಡುವೆ ಅಡ್ಡಕ್ಕೆ ಒಂದು ದೊಡ್ಡ ನಟ್ಟಿದೆ, ಅದು ಎರಡನೇ ಜಾಗ. ಆ ನಟ್ಟಿನಿಂದ ಆಚೆ, ರೇಡಿಯೇಟರ್ ಒಳಗೆ ಹೋಗುವ ತಿರುಪು ಮೂರನೆಯದು. ನೆಲದಿಂದ ಬರುವ ತಾಮ್ರದ ಪೈಪು ವಾಲ್ವ್‌ಗೆ ಸೇರುವಲ್ಲಿನ ನಟ್ಟು ಕೊನೆಯದು. ಇಷ್ಟೂ ಒಣಗಿದ್ದು ರೇಡಿಯೇಟರ್‌ನ ತಗಡಿನ ಮೇಲೇ ನೀರು ಮೂಡಿದರೆ ಒಳಗಿನಿಂದ ತುಕ್ಕು ತಿಂದು ತೂತಾಗಿದೆ. ಆಗ ವಾಲ್ವ್ ರಿಪೇರಿಯಿಂದ ಏನೂ ಆಗದು, ರೇಡಿಯೇಟರ್ ಹೊಸದೇ ಬೇಕು.

ಸೊನ್ನೆಗೆ ಇಟ್ಟರೂ ನಿಲ್ಲಲಿಲ್ಲ ಅಂತ ಬರೆದಿದ್ದೀರಿ. ಕಾರಣ ಇದು. ವಾಲ್ವ್ ಮುಚ್ಚಿದರೆ ರೇಡಿಯೇಟರ್ ಒಳಕ್ಕೆ ಹೋಗುವ ದಾರಿ ಮಾತ್ರ ಮುಚ್ಚುತ್ತದೆ. ಪೈಪಿನ ಕಡೆ ನೀರು, ಪ್ರೆಶರ್ ಎರಡೂ ಹಾಗೇ ಇರುತ್ತವೆ. ಪೈಪಿನ ನಟ್ಟು ಸೋರುತ್ತಿದ್ದರೆ ನೀವು ಏನು ತಿರುಗಿಸಿದರೂ ಅದು ಸೋರುತ್ತಲೇ ಇರುತ್ತದೆ. ಅಡ್ಡ ನಟ್ಟು ಸೋರುತ್ತಿದ್ದರೂ ಒಂದೇ ಕಡೆ ಮುಚ್ಚಿದರೆ ಸಾಲದು. ಇನ್ನೊಂದು ತುದಿಯ ವಾಲ್ವ್ ತೆರೆದಿದ್ದರೆ ನೀರು ಅಲ್ಲಿಂದ ಬರುತ್ತದೆ. ಎರಡನ್ನೂ ಮುಚ್ಚಿ, ಒಳಗಿನ ಪ್ರೆಶರ್ ಇಳಿದ ಮೇಲೆ ಸೋರಿಕೆ ಕಡಿಮೆಯಾದರೆ ಲೋಪ ರೇಡಿಯೇಟರ್ ಕಡೆಯದು. ಏನೂ ಕಡಿಮೆಯಾಗದಿದ್ದರೆ ಲೋಪ ಪೈಪಿನ ಕಡೆ ಇರಬೇಕು, ಇಲ್ಲವೇ ಎರಡರಲ್ಲಿ ಒಂದು ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ. ಪ್ಲಂಬರ್‌ಗೆ ಫೋನ್ ಮಾಡುವಾಗ ಇದನ್ನು ಹೇಳಿ. ಸರಿಯಾದ ಸಾಮಾನು ತಗೊಂಡು ಬರುತ್ತಾರೆ.

ಈಗ ಯಜಮಾನರ ಸ್ಪ್ಯಾನರ್ ವಿಷಯ. ಒಂದು ಸ್ಪ್ಯಾನರ್ ಆದರೆ ಬೇಡ, ಎರಡಿದ್ದರೆ ಮಾತ್ರ. ಒಂದರಿಂದ ವಾಲ್ವ್‌ನ ಮೈಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು, ಇನ್ನೊಂದರಿಂದ ನಟ್ಟು ತಿರುಗಿಸಬೇಕು. ಹಾಗೆ ಹಿಡಿಯದಿದ್ದರೆ ಇಡೀ ವಾಲ್ವ್ ತಿರುಗಿ, ಕೆಳಗಿನ 15 ಮಿಲಿಮೀಟರ್ ತಾಮ್ರದ ಪೈಪು ನೆಲದ ಮರದ ಹಲಗೆಯಡಿ ತಿರುಚಿಕೊಳ್ಳುತ್ತದೆ. ಆಮೇಲೆ ಸೋರುವುದು ನಿಮ್ಮ ರೂಮಿನಲ್ಲಲ್ಲ, ಕೆಳಗಿನ ರೂಮಿನ ಸೀಲಿಂಗ್‌ನಲ್ಲಿ. ದಿಕ್ಕು ತಪ್ಪುವುದೂ ಜಾಸ್ತಿ. ಅಡ್ಡ ನಟ್ಟನ್ನು ರೇಡಿಯೇಟರ್ ಕಡೆಯಿಂದ ವಾಲ್ವ್ ಕಡೆಗೆ ನೋಡಿದಂತೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಗಿಯಾಗುತ್ತದೆ. ಪೈಪಿನ ನಟ್ಟನ್ನು ನೆಲದಿಂದ ಮೇಲಕ್ಕೆ ನೋಡಿದಂತೆ ಲೆಕ್ಕ ಹಾಕಬೇಕು. ನಾವು ಬಗ್ಗಿ ಮೇಲಿನಿಂದ ನೋಡುತ್ತೇವಲ್ಲ, ಆಗ ಅದು ಉಲ್ಟಾ ಕಾಣುತ್ತದೆ. ಬಿಗಿ ಮಾಡಲು ಹೋಗಿ ಸಡಿಲ ಮಾಡಿ ಕಾರ್ಪೆಟ್ ತೋಯಿಸಿದ ಮನೆಗಳಿಗೆ ನಾನು ಹೋಗಿದ್ದೇನೆ. ತಣ್ಣಗಿರುವಾಗ ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿಸಿ, ಒರೆಸಿ, ಟಿಶ್ಯೂ ಇಟ್ಟು ನೋಡಿ. ಇನ್ನೊಂದು ಸಲ ಅಷ್ಟೇ ಮಾಡಿ. ನಿಲ್ಲಲಿಲ್ಲವೇ, ಅಲ್ಲಿಗೆ ಬಿಡಿ. ಪೈಪಿನ ನಟ್ಟಿನೊಳಗೆ ಆಲಿವ್ ಎಂಬ ಚಿಕ್ಕ ಉಂಗುರ ಇರುತ್ತದೆ, ನೀರು ನಿಲ್ಲಿಸುವುದು ಅದೇ. ಅತಿಯಾಗಿ ಒತ್ತಿದರೆ ಅದು ಪೈಪನ್ನೇ ಕಚ್ಚಿ ಹಾಳು ಮಾಡುತ್ತದೆ. ಮೇಲಿನ ತಿರುಪಿಗೆ ಬಿಳಿ ಟೇಪ್ ಸುತ್ತಿದರೂ ಅಲ್ಲಿ ಪ್ರಯೋಜನ ಇಲ್ಲ. ಬಾಡಿಗೆ ಮನೆ ಅಂದಮೇಲೆ ಇದಕ್ಕೂ ಓನರ್ ಒಪ್ಪಿಗೆ ಬರಹದಲ್ಲಿ ಇರಲಿ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ತೊಟ್ಟಿಕ್ಕುವ ನೀರಲ್ಲ, ದಿನಾ ಪ್ರೆಶರ್ ಏರಿಸುವುದು. ಹೀಟಿಂಗ್ ಪೈಪುಗಳಲ್ಲಿ ಸುತ್ತುವ ನೀರು ಹಳೇ ನೀರು. ಅದರಲ್ಲಿನ ಆಮ್ಲಜನಕ ಎಂದೋ ಮುಗಿದಿರುತ್ತದೆ, ಜೊತೆಗೆ ತುಕ್ಕು ತಡೆಯುವ ಇನ್‌ಹಿಬಿಟರ್ ದ್ರವ ಬೆರೆತಿರುತ್ತದೆ. ನೀವು ಬೆಳಿಗ್ಗೆ ಪ್ರೆಶರ್ ಏರಿಸಲು ಫಿಲ್ಲಿಂಗ್ ಲೂಪ್ (ನಲ್ಲಿ ನೀರು ಒಳಗೆ ಬಿಡುವ ಕೊಳವೆ) ತೆರೆದಾಗ ಆಮ್ಲಜನಕ ತುಂಬಿದ ಹೊಸ ನಲ್ಲಿ ನೀರು ಒಳಗೆ ಹೋಗುತ್ತದೆ, ಇನ್‌ಹಿಬಿಟರ್ ತೆಳುವಾಗುತ್ತದೆ. ಉಕ್ಕಿನ ರೇಡಿಯೇಟರ್‌ಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಕಾರ್ಪೆಟ್ ಮೇಲಿನ ಕಪ್ಪು ಬಣ್ಣ ಇದೆಯಲ್ಲ, ಅದು ಆ ತುಕ್ಕಿನದೇ, ಮ್ಯಾಗ್ನೆಟೈಟ್. ಅದು ಕೆಸರಾಗಿ ರೇಡಿಯೇಟರ್ ಅಡಿಯಲ್ಲಿ ಕೂತರೆ ಮೇಲೆ ಬಿಸಿ, ಕೆಳಗೆ ತಣ್ಣಗೆ. ಪಂಪಿಗೂ ಬಾಯ್ಲರ್‌ನಲ್ಲಿ ನೀರು ಕಾಯುವ ಭಾಗವಾದ ಹೀಟ್ ಎಕ್ಸ್‌ಚೇಂಜರ್‌ಗೂ ಹೋದರೆ ಖರ್ಚು ಸಾವಿರದ ಲೆಕ್ಕಕ್ಕೆ ಹೋಗಬಹುದು. ಹೊಸ ವಾಲ್ವ್‌ಗೆ ಇಪ್ಪತ್ತೈದು ಪೌಂಡ್‌ನೊಳಗೆ ಆಗುತ್ತದೆ. ದಯವಿಟ್ಟು ಇದನ್ನು ನಿಮ್ಮ ಓನರ್‌ಗೂ ಓದಿ ಹೇಳಿ. ತಡಮಾಡಿದರೆ ನಷ್ಟ ಅವರದೇ. ರಿಪೇರಿ ಆದಮೇಲೆ ಇನ್‌ಹಿಬಿಟರ್ ಮತ್ತೆ ಹಾಕಿಸಲು ಹೇಳಿ. ಪ್ರೆಶರ್ ತಣ್ಣಗಿರುವಾಗ 1ರಿಂದ 1.5 ಬಾರ್ ನಡುವೆ ನಿಲ್ಲಬೇಕು.

ಪ್ಲಂಬರ್ ಬರುವ ತನಕ: ವಾಲ್ವ್ ನೆಲಕ್ಕೆ ಬಹಳ ಹತ್ತಿರ ಇರುವುದರಿಂದ ಬಕೆಟ್ ಹಿಡಿಸುವುದಿಲ್ಲ. ಐಸ್‌ಕ್ರೀಂ ಡಬ್ಬಿ ಸರಿಯಾಗಿ ಕೂರುತ್ತದೆ. ಸೋರುವ ನಟ್ಟಿಗೆ ಹತ್ತಿ ದಾರ ಸುತ್ತಿ ಅದರ ತುದಿಯನ್ನು ಡಬ್ಬಿಯೊಳಗೆ ಬಿಡಿ, ನೀರು ದಾರ ಹಿಡಿದು ಇಳಿಯುತ್ತದೆ, ಅಕ್ಕಪಕ್ಕ ಹನಿಯುವುದಿಲ್ಲ. ಕಲೆಯನ್ನು ಉಜ್ಜಬೇಡಿ, ಒತ್ತಿ ಹೀರಿ ತೆಗೆಯಿರಿ. ಬ್ಲೀಚ್ ಹಾಕಲೇಬೇಡಿ, ತುಕ್ಕಿನ ಕಲೆ ಇನ್ನೂ ಗಟ್ಟಿಯಾಗುತ್ತದೆ. ನಿಂಬೆರಸ ಸ್ವಲ್ಪ ಕೆಲಸ ಮಾಡುತ್ತದೆ, ಮೊದಲು ಮಂಚದಡಿಯ ಮೂಲೆಯಲ್ಲಿ ಹಾಕಿ ನೋಡಿ. ಕೆಳಗಿನ ರೂಮಿನ ಸೀಲಿಂಗ್ ಉಬ್ಬಿದ್ದರೆ ಅಥವಾ ದೀಪದ ಹತ್ತಿರ ತೇವ ಕಂಡರೆ ಆ ದೀಪದ ಸರ್ಕ್ಯೂಟ್ ಆಫ್ ಮಾಡಿ, ಆಗ ಇದು ತುರ್ತು ಕೆಲಸ.

ಅತ್ತೆ ಮಾವನವರ ರೂಮು ತಣ್ಣಗೆ ಬಿಡಬೇಡಿ. ವಯಸ್ಸಾದವರ ರೂಮು ಕನಿಷ್ಠ 18 ಡಿಗ್ರಿ ಇರಲಿ ಎಂದು ಇಲ್ಲಿನ ಆರೋಗ್ಯ ಇಲಾಖೆಯೂ ಹೇಳುತ್ತದೆ. ಶಿವಮೊಗ್ಗದಿಂದ ಬಂದವರಿಗೆ ಅದೂ ಚಳಿಯೇ. ರೇಡಿಯೇಟರ್ ಮುಚ್ಚಬೇಕಾದರೆ ಆಯಿಲ್ ತುಂಬಿದ ಎಲೆಕ್ಟ್ರಿಕ್ ಹೀಟರ್ ಒಂದನ್ನು ಇಡಿ. ಎಕ್ಸ್‌ಟೆನ್ಷನ್ ಬೇಡ, ನೇರ ಗೋಡೆಯ ಪ್ಲಗ್ಗಿಗೆ ಹಾಕಿ. ಅದರ ಮೇಲೆ ಪಂಚೆ, ಟವೆಲ್ ಒಣಹಾಕದಂತೆ ಅವರಿಗೂ ಹೇಳಿಡಿ.

ಪ್ರಶ್ನೆ: ಮ್ಯಾಂಚೆಸ್ಟರ್‌ನಲ್ಲಿ ಸ್ವಂತ ಮನೆ. ಹಾಲ್‌ನ ರೇಡಿಯೇಟರ್‌ನಲ್ಲಿ ನಂಬರ್ ಇಲ್ಲದ ಕಡೆಯ ವಾಲ್ವ್, ಪ್ಲಾಸ್ಟಿಕ್ ಟೋಪಿ ಇರುವುದು, ರಾತ್ರಿ ಹೀಟಿಂಗ್ ಆಫ್ ಆದಮೇಲೆ ಮಾತ್ರ ಹನಿಯುತ್ತದೆ. ಬಿಸಿ ಇರುವಾಗ ಒಂದು ಹನಿ ಇಲ್ಲ. ಇದು ಹೇಗೆ?

ಉತ್ತರ: ಬಿಸಿಗೆ ಲೋಹ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ತಣ್ಣಗಾದಾಗ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಅಷ್ಟೇ. ಸಣ್ಣ ಸೋರಿಕೆಗಳಲ್ಲಿ ಇದು ತುಂಬಾ ಸಾಮಾನ್ಯ. ಪ್ಲಂಬರ್ ಬರುವ ದಿನ ಹೀಟಿಂಗ್ ಹಾಕಿಟ್ಟಿದ್ದರೆ ಅವರಿಗೆ ಏನೂ ಕಾಣುವುದಿಲ್ಲ. ಹಿಂದಿನ ರಾತ್ರಿಯಿಂದ ಆಫ್ ಮಾಡಿಡಿ.

ಟೋಪಿ ತೆಗೆದರೆ ಹಿತ್ತಾಳೆಯ ಕಡ್ಡಿ, ಅದರ ಬುಡದಲ್ಲಿ ಒಂದು ಚಿಕ್ಕ ನಟ್ಟು ಕಾಣುತ್ತದೆ. ಕಡ್ಡಿಯ ಸುತ್ತ ನೀರು ಮೂಡುತ್ತಿದ್ದರೆ ಆ ಗ್ಲ್ಯಾಂಡ್ ನಟ್ಟನ್ನು ಸ್ವಲ್ಪವೇ ಬಿಗಿ ಮಾಡಿ. ಬಹಳ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಮ್ಮೂರಲ್ಲಿ ಹಳೇ ಹಿತ್ತಾಳೆ ನಲ್ಲಿಯ ಕತ್ತು ಸೋರಿದರೆ ನೂಲು ಸುತ್ತಿ ನಟ್ಟು ಬಿಗಿಯುತ್ತಿದ್ದರಲ್ಲ, ಅದೇ ಕೆಲಸ ಇದು. ಇಲ್ಲಿ ನೂಲಿನ ಬದಲು ಪಿಟಿಎಫ್‌ಇ ಟೇಪನ್ನು (ಪ್ಲಂಬರ್‌ಗಳ ತೆಳು ಬಿಳಿ ಟೇಪ್) ಹುರಿ ಮಾಡಿ ತುರುಕುತ್ತೇವೆ. ಆದರೆ ಅದಕ್ಕೆ ನಟ್ಟು ಬಿಚ್ಚಬೇಕು. ಪ್ರೆಶರ್ ಇಳಿಸದೆ ಬಿಚ್ಚಲು ಹೋಗಬೇಡಿ.

ಈ ಕಡೆಯ ವಾಲ್ವ್ ಮುಚ್ಚುವ ಮುನ್ನ ಒಂದು ಎಚ್ಚರಿಕೆ. ಎಷ್ಟು ಸುತ್ತು ತಿರುಗಿಸಿದಾಗ ಮುಚ್ಚಿತು ಅಂತ ಎಣಿಸಿ, ಚೀಟಿಯಲ್ಲಿ ಬರೆದು ರೇಡಿಯೇಟರ್ ಹಿಂದೆ ಅಂಟಿಸಿ. ಮನೆಯ ಎಲ್ಲ ರೇಡಿಯೇಟರ್‌ಗೂ ನೀರು ಸಮನಾಗಿ ಹಂಚುವುದು ಈ ವಾಲ್ವ್‌ಗಳೇ. ಅಂದಾಜಿಗೆ ಪೂರ್ತಿ ತೆರೆದುಬಿಟ್ಟರೆ ಹಾಲ್ ಸುಡುತ್ತದೆ, ದೂರದ ಮಕ್ಕಳ ರೂಮು ತಣ್ಣಗುಳಿಯುತ್ತದೆ.

ಪ್ರಶ್ನೆ: ಲಂಡನ್‌ನ ಹ್ಯಾರೋದಲ್ಲಿ ಹಳೇ ಮನೆ ತಗೊಂಡಿದ್ದೇವೆ. ವಾಲ್ವ್ ಜಿನುಗುತ್ತೆ, ಆದರೆ ಬಾಯ್ಲರ್‌ನಲ್ಲಿ ಪ್ರೆಶರ್ ಗೇಜೇ ಇಲ್ಲ. ನೀರು ಏರಿಸಬೇಕಾಗಿಯೂ ಬಂದಿಲ್ಲ. ಹಾಗಾದರೆ ಸೋರಿಕೆ ಸಣ್ಣದು ಅಲ್ವಾ?

ಉತ್ತರ: ಅಲ್ಲ ಸಾರ್, ಹಾಗೆ ಅಂದುಕೊಳ್ಳಬೇಡಿ. ನಿಮ್ಮ ಅಟ್ಟ ಹತ್ತಿ ನೋಡಿ. ಅಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಟ್ಯಾಂಕ್, ಅದರಲ್ಲಿ ತೇಲುವ ಚೆಂಡಿನ ವಾಲ್ವ್ ಇರಬೇಕು. ಹಳೇ ಮಾದರಿಯ ಹೀಟಿಂಗ್‌ಗೆ ನೀರು ಅಲ್ಲಿಂದ ತಾನಾಗಿಯೇ ಇಳಿಯುತ್ತದೆ. ನೀವು ಕಳೆದುಕೊಂಡ ಪ್ರತಿ ಲೋಟ ನೀರಿಗೂ ಹೊಸ ನೀರು ಸದ್ದಿಲ್ಲದೆ ಸೇರುತ್ತಿದೆ. ಸ್ಲೌನವರಿಗೆ ಹೇಳಿದ ತುಕ್ಕಿನ ಕಥೆ ನಿಮ್ಮಲ್ಲೂ ನಡೆಯುತ್ತಿದೆ, ನಿಮಗೆ ತಿಳಿಸಲು ಗೇಜ್ ಇಲ್ಲ, ಅಷ್ಟೇ ವ್ಯತ್ಯಾಸ.

ವಾಲ್ವ್ ಬದಲಿಸುವಾಗ ಆ ಟ್ಯಾಂಕಿನ ಮೇಲೆ ಅಡ್ಡ ಒಂದು ಕೋಲಿಟ್ಟು ಚೆಂಡಿನ ಕೈಯನ್ನು ಮೇಲಕ್ಕೆ ಕಟ್ಟಬೇಕು. ಇಲ್ಲದಿದ್ದರೆ ಕೆಳಗೆ ನೀರು ಖಾಲಿ ಮಾಡಿದಷ್ಟೂ ಮೇಲಿನಿಂದ ತುಂಬುತ್ತಲೇ ಇರುತ್ತದೆ. ಇನ್ನೊಂದು ಮಾತು: ರೇಡಿಯೇಟರ್ ಮತ್ತು ವಾಲ್ವ್ ಕೆಲಸವನ್ನು ಒಳ್ಳೆಯ ಪ್ಲಂಬರ್ ಯಾರಾದರೂ ಮಾಡಬಹುದು. ಗ್ಯಾಸ್ ಬಾಯ್ಲರ್‌ನ ಗ್ಯಾಸಿನ ಭಾಗಗಳಿಗೆ ಕೈ ಹಾಕುವವರು ಮಾತ್ರ ಗ್ಯಾಸ್ ಸೇಫ್ ರಿಜಿಸ್ಟರ್ ಎಂಬ ಅಧಿಕೃತ ಪಟ್ಟಿಯಲ್ಲಿ ಇರಲೇಬೇಕು. 2009ರಲ್ಲಿ ಕೋರ್ಗಿ ಎಂಬ ಹಳೇ ಪಟ್ಟಿ ಹೋಗಿ ಇದು ಬಂತು. ಹಳೇ ಮನೆಯ ಕಾಗದಪತ್ರದಲ್ಲಿ ಕೋರ್ಗಿ ಹೆಸರು ಕಂಡರೆ ಗಲಿಬಿಲಿ ಬೇಡ. ಬಂದವರ ಕಾರ್ಡ್ ಕೇಳಿ ನೋಡಿ, ಅದರ ಹಿಂಬದಿಯಲ್ಲಿ ಯಾವ ಯಾವ ಕೆಲಸಕ್ಕೆ ಅರ್ಹರು ಅಂತ ಬರೆದಿರುತ್ತದೆ. ಕೇಳುವುದಕ್ಕೆ ಸಂಕೋಚ ಪಡಬೇಡಿ, ನಾನಂತೂ ಕೇಳಿದವರ ಮೇಲೆ ಗೌರವ ಇಟ್ಟುಕೊಳ್ಳುತ್ತೇನೆ.

ಪ್ರಶ್ನೆ: ಲೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಮೂವರು ಸೇರಿ ಮನೆ ಬಾಡಿಗೆಗೆ ಹಿಡಿದಿದ್ದೇವೆ. ರೇಡಿಯೇಟರ್ ಸೋರಿತು ಅಂತ ಹೇಳಿದರೆ, ಓನರ್ ನೀವೇ ದುಡ್ಡು ಕೊಟ್ಟು ಮಾಡಿಸಿ, ಅಗ್ರಿಮೆಂಟ್‌ನಲ್ಲಿ ಹಾಗೇ ಇದೆ ಅನ್ನುತ್ತಾರೆ.

ಉತ್ತರ: ತಮ್ಮಾ, ದುಡ್ಡು ಕೊಡುವ ಮೊದಲು ಇದನ್ನು ಓದು. ಇಂಗ್ಲೆಂಡಿನಲ್ಲಿ 1985ರ ಲ್ಯಾಂಡ್‌ಲಾರ್ಡ್ ಅಂಡ್ ಟೆನೆಂಟ್ ಕಾಯ್ದೆ ಇದೆ. ಅದರ 11ನೇ ಸೆಕ್ಷನ್ ಪ್ರಕಾರ, ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಯಲ್ಲಿ ಮನೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ವ್ಯವಸ್ಥೆಯನ್ನು ಸುಸ್ಥಿತಿಯಲ್ಲಿ ಇಡುವುದು ಓನರ್ ಹೊಣೆ. ರೇಡಿಯೇಟರ್ ವಾಲ್ವ್ ಅದರಲ್ಲೇ ಬಂತು. ಅಗ್ರಿಮೆಂಟ್‌ನಲ್ಲಿ ಒಂದು ಸಾಲು ಬರೆದ ಮಾತ್ರಕ್ಕೆ ಈ ಹೊಣೆ ಬಾಡಿಗೆದಾರನ ಮೇಲೆ ಬೀಳುವುದಿಲ್ಲ. ನೀವೇ ಒದ್ದು, ಜಗ್ಗಿ ಮುರಿದಿದ್ದರೆ ಮಾತು ಬೇರೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕಾನೂನು ಬೇರೆ ಇದೆ, ಅಲ್ಲಿನ ಗೆಳೆಯರಿಗೆ ಇದನ್ನೇ ಹೇಳಿಕೊಡಬೇಡ.

ಆದರೆ ಓನರ್‌ಗೆ ಗೊತ್ತು ಮಾಡಿದ ಮೇಲೇ ಅವರ ಹೊಣೆ ಶುರು. ಹಾಗಾಗಿ ಬರಹದಲ್ಲಿ ತಿಳಿಸು. ಉತ್ತರ ಬರದಿದ್ದರೆ ಸಿಟಿ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ಹೋಗು. ಸಿಟಿಜನ್ಸ್ ಅಡ್ವೈಸ್, ಶೆಲ್ಟರ್ ಸಂಸ್ಥೆಗಳು ದುಡ್ಡಿಲ್ಲದೆ ಸಲಹೆ ಕೊಡುತ್ತವೆ. ನಿಮ್ಮ ವಿದ್ಯಾರ್ಥಿ ಸಂಘದಲ್ಲೂ ಕೇಳು. ಸಿಟ್ಟಿಗೆದ್ದು ಬಾಡಿಗೆ ನಿಲ್ಲಿಸಬೇಡ. ನ್ಯಾಯ ನಿನ್ನ ಕಡೆ ಇದ್ದರೂ ಬಾಡಿಗೆ ಬಾಕಿ ನಿನ್ನ ತಲೆಗೇ ಬರುತ್ತದೆ.

ಪ್ರಶ್ನೆ: ನಾನು ಹಾಸನದಲ್ಲಿದ್ದೇನೆ. ಮಗಳು ಬರ್ಮಿಂಗ್‌ಹ್ಯಾಮ್‌ನಲ್ಲಿದ್ದಾಳೆ, ಏಳು ತಿಂಗಳ ಬಸುರಿ. ಅವಳ ರೂಮಿನ ರೇಡಿಯೇಟರ್ ಸೋರುತ್ತಿದೆ ಅಂತ ವಿಡಿಯೊ ಕಾಲ್‌ನಲ್ಲಿ ತೋರಿಸಿದಳು. ಅದು ಸಿಡಿಯುತ್ತಾ?

ಉತ್ತರ: ಇಲ್ಲಮ್ಮ, ಸಿಡಿಯುವ ಭಯ ಬೇಡ. ಅದರೊಳಗೆ ಹಬೆ ಇಲ್ಲ, ಗ್ಯಾಸೂ ಇಲ್ಲ, ಬರೀ ಬಿಸಿ ನೀರು. ಈಗಿನ ಮನೆಗಳಲ್ಲಿ ಪ್ರೆಶರ್ ಒಂದೂವರೆ ಬಾರ್ ಆಸುಪಾಸು ಇರುತ್ತದೆ. ಏನಾದರೂ ಏರುಪೇರಾಗಿ 3 ಬಾರ್ ಮುಟ್ಟಿದರೆ ಸೇಫ್ಟಿ ವಾಲ್ವ್ ತೆರೆದುಕೊಂಡು ನೀರನ್ನು ಮನೆಯ ಹೊರಗೆ ಬಿಡುತ್ತದೆ. ಮಗಳಿಗೆ ಮೂರು ಮಾತು ಹೇಳಿ. ಬಗ್ಗಿ ಆ ವಾಲ್ವ್ ತಿರುಗಿಸಲು ಹೋಗಬಾರದು. ನೆಲ ಒದ್ದೆಯಿದ್ದರೆ ಜಾರುತ್ತದೆ, ರಾತ್ರಿ ಎದ್ದಾಗ ದೀಪ ಹಾಕಿಕೊಳ್ಳಲಿ. ಓನರ್‌ಗೆ ಪತ್ರ ಬರೆಯುವಾಗ ತಾನು ಗರ್ಭಿಣಿ ಎಂದು ಮೊದಲ ಸಾಲಲ್ಲೇ ಬರೆಯಲಿ. ಚಳಿಗಾಲದಲ್ಲಿ ಇಂಥವರ ಮನೆಯ ಹೀಟಿಂಗ್ ರಿಪೇರಿಯನ್ನು ಮುಂದಕ್ಕೆ ತಳ್ಳಬಾರದು, ನಾನೂ ಅಂಥ ಕರೆಗೆ ಮೊದಲು ಹೋಗುತ್ತೇನೆ.

ಪ್ರಶ್ನೆ: ಡಿಸೆಂಬರ್‌ನಲ್ಲಿ ಒಂದು ತಿಂಗಳು ಬೆಂಗಳೂರಿಗೆ ಹೋಗುತ್ತಿದ್ದೇವೆ. ವಾಲ್ವ್ ಸ್ವಲ್ಪವೇ ಜಿನುಗುತ್ತೆ. ಹೀಟಿಂಗ್ ಪೂರ್ತಿ ಆಫ್ ಮಾಡಿ ಹೋದರೆ ಸರಿ ಅಲ್ವಾ? ನಾವು ಮಿಲ್ಟನ್ ಕೀನ್ಸ್‌ನಲ್ಲಿದ್ದೇವೆ.

ಉತ್ತರ: ಸರಿ ಅಲ್ಲ. ಎರಡೂ ತಪ್ಪು, ಆಫ್ ಮಾಡುವುದೂ, ಜಿನುಗುವ ವಾಲ್ವ್ ಬಿಟ್ಟು ಹೋಗುವುದೂ. ಜಿನುಗಿ ಜಿನುಗಿ ಪ್ರೆಶರ್ ಸುಮಾರು ಅರ್ಧ ಬಾರ್‌ಗಿಂತ ಕೆಳಗಿಳಿದರೆ ಹೆಚ್ಚಿನ ಬಾಯ್ಲರ್‌ಗಳು ತಾವಾಗಿಯೇ ನಿಂತುಬಿಡುತ್ತವೆ. ಹೊರಗೆ ಮೈನಸ್ ಐದು, ಒಳಗೆ ಹೀಟಿಂಗ್ ಇಲ್ಲ, ಪೈಪಿನ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಹಿಮ ಕರಗಿದ ದಿನ ನೀರು ಹರಿಯಲು ಶುರು, ನೀವು ಇನ್ನೂ ಬೆಂಗಳೂರಿನಲ್ಲಿ. ವಾಲ್ವನ್ನು ಹೊರಡುವ ಎರಡು ವಾರ ಮೊದಲೇ ಸರಿ ಮಾಡಿಸಿ, ಸೋರಿಕೆ ನಿಜಕ್ಕೂ ನಿಂತಿದೆಯೇ ಅಂತ ನೋಡಲು ಸಮಯ ಸಿಗಲಿ.

ಹೋಗುವಾಗ ರೂಮ್ ಥರ್ಮೋಸ್ಟಾಟ್ 12 ಡಿಗ್ರಿಯಲ್ಲಿ ಇಡಿ, ಗಡಿಯಾರದ ಟೈಮರ್ ಬದಲು ಇಡೀ ದಿನ ಆನ್ ಇರಲಿ. ಮನೆಗೆ ನೀರು ಬರುವ ಮುಖ್ಯ ವಾಲ್ವ್, ಅಂದರೆ ಸ್ಟಾಪ್‌ಕಾಕ್ ಮುಚ್ಚಿ. ಮುಚ್ಚಿದರೂ ಪ್ರೆಶರ್ ಗೇಜ್ ಇರುವ ಹೀಟಿಂಗ್ ನಡೆಯುತ್ತದೆ, ಅದರ ನೀರು ಅದರೊಳಗೇ ಸುತ್ತುತ್ತದೆ. ಇನ್ಶೂರೆನ್ಸ್ ಕಾಗದ ತೆಗೆದು ಓದಿ. ಮನೆ 30 ಅಥವಾ 60 ದಿನ ಖಾಲಿ ಬಿಟ್ಟರೆ ನೀರಿನ ಹಾನಿಗೆ ಹಣ ಕೊಡುವುದಿಲ್ಲ ಅಂತ ಬಹಳ ಪಾಲಿಸಿಗಳಲ್ಲಿ ಇರುತ್ತದೆ, ಚಳಿಗಾಲದಲ್ಲಿ ಹೀಟಿಂಗ್ ಇಷ್ಟು ಡಿಗ್ರಿ ಇರಲೇಬೇಕು ಅಂತಲೂ ಕೆಲವರು ಹಾಕುತ್ತಾರೆ. ಅಕ್ಕಪಕ್ಕದ ನಂಬಿಕಸ್ಥರಿಗೆ ಕೀ ಕೊಟ್ಟು, ವಾರಕ್ಕೊಮ್ಮೆ ಗೇಜ್ ನೋಡಿ ಫೋಟೊ ಕಳಿಸಲು ಹೇಳಿ. ಕೀ ಕೊಡುವ ದಿನವೇ ಅವರನ್ನು ಒಳಗೆ ಕರೆದು ಸ್ಟಾಪ್‌ಕಾಕ್ ತೋರಿಸಿ, ಒಮ್ಮೆ ಅವರ ಕೈಯಲ್ಲೇ ತಿರುಗಿಸಿ ನೋಡಿಸಿ. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆಮನೆಯ ಸಿಂಕಿನ ಕೆಳಗೆ ಇರುತ್ತದೆ.